ಬಿಸಿಲು ಬಂದಾಗ ತುಂಬಿಕೋ

ಓದುಗರ ಪ್ರಶ್ನೆ, ನಮ್ಮ ಉತ್ತರ

ನೀರು ಶುದ್ಧೀಕರಣ ಘಟಕದ ಎಲೆಕ್ಟ್ರಿಕಲ್ ವಿಭಾಗದಲ್ಲಿ 28 ವರ್ಷ ದುಡಿದು ಬಂದವಳು ನಾನು. ಹಿಂದಿನ ಸಂಚಿಕೆಯಲ್ಲಿ ಪಂಪ್‌ಹೌಸ್ ಬಗ್ಗೆ ಬರೆದಾಗ ಕೊನೆಗೆ ಸೋಲಾರ್ ಬಗ್ಗೆ ಒಂದೇ ಒಂದು ಸಾಲು ಸೇರಿಸಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಹಾಗಾಗಿ ಈ ಸಲ ಬರೀ ಸೋಲಾರ್.

ಪ್ರಶ್ನೆ: ನಮ್ಮದು ದಿನಕ್ಕೆ 1 ಕೋಟಿ ಲೀಟರ್ ನೀರು ಶುದ್ಧ ಮಾಡುವ ಘಟಕ. ನೀರನ್ನು 40 ಮೀಟರ್ ಎತ್ತಬೇಕು. ಪಂಪುಗಳು ದಿನಕ್ಕೆ 20 ಗಂಟೆ ಓಡುತ್ತವೆ. 420 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ ಕರೆಂಟ್ ಬಿಲ್ಲೇ ಬರುವುದಿಲ್ಲ ಅಂತ ಗುತ್ತಿಗೆದಾರರು ಹೇಳುತ್ತಿದ್ದಾರೆ. ಲೆಕ್ಕ ಸರಿಯಾ?

ಲೆಕ್ಕ ಸರಿ ಇದೆ. ಗಡಿಯಾರ ನೋಡಿಲ್ಲ, ಅಷ್ಟೇ.

ನನ್ನ ಹಳೇ ಡೈರಿಯ ಮೊದಲ ಪುಟದಲ್ಲಿ 367 ಅಂತ ದಪ್ಪಕ್ಕೆ ಬರೆದು ಸುತ್ತ ಗೀಟು ಹಾಕಿಕೊಂಡಿದ್ದೇನೆ. ಕೆಲಸಕ್ಕೆ ಸೇರಿದ ವಾರದಲ್ಲೇ ನಮ್ಮ ಫೋರ್‌ಮನ್ ಬರೆಸಿದ್ದು. ಒಂದು ಸಾವಿರ ಲೀಟರ್ ನೀರನ್ನು 367 ಮೀಟರ್ ಎತ್ತಲು 1 ಯೂನಿಟ್ ಸಾಕು, ಪಂಪು ಮೋಟಾರು ಒಂದಿಷ್ಟೂ ಪೋಲು ಮಾಡದಿದ್ದರೆ. ಎಷ್ಟು ಸಾವಿರ ಲೀಟರ್ ಅನ್ನುವುದನ್ನು ಎಷ್ಟು ಮೀಟರ್ ಅನ್ನುವುದರಿಂದ ಗುಣಿಸಿ, 367ರಿಂದ ಭಾಗಿಸಿದರೆ ಯೂನಿಟ್ ಕೈಗೆ ಸಿಗುತ್ತದೆ. ನಿಮ್ಮ ಘಟಕಕ್ಕೆ 10,000 × 40 ÷ 367, ಅಂದರೆ 1,090 ಯೂನಿಟ್. ಪೋಲು ಮಾಡದ ಪಂಪನ್ನು ನಾನಂತೂ ನೋಡಿಲ್ಲ. ಪಂಪು, ಮೋಟಾರು ಎರಡೂ ಸೇರಿ 65 ಪರ್ಸೆಂಟ್ ದಕ್ಷತೆ ಅಂದುಕೊಳ್ಳೋಣ. ಆಗ ದಿನಕ್ಕೆ ಸುಮಾರು 1,680 ಯೂನಿಟ್ ಆಗುತ್ತದೆ. ಒಳ್ಳೆ ಬಿಸಿಲಿರುವ ಕಡೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಆಸುಪಾಸು ಕೊಡುತ್ತದೆ. 1,680ನ್ನು 4ರಿಂದ ಭಾಗಿಸಿ. ನಿಮ್ಮ ಗುತ್ತಿಗೆದಾರರ 420 ಬಂತು ನೋಡಿ.

ಈಗ ಗಡಿಯಾರಕ್ಕೆ ಬರೋಣ. 1,680 ಯೂನಿಟ್ 20 ಗಂಟೆಗೆ ಹಂಚಿದರೆ ನಿಮ್ಮ ಘಟಕ ಯಾವಾಗ ನೋಡಿದರೂ ಎಳೆಯುವುದು 84 ಕಿಲೋವ್ಯಾಟ್ ಮಾತ್ರ. ನಡುಮಧ್ಯಾಹ್ನ 420 ಕಿಲೋವ್ಯಾಟ್ ಪ್ಯಾನೆಲ್ 300ಕ್ಕೂ ಜಾಸ್ತಿ ಹುಟ್ಟಿಸುತ್ತಿರುತ್ತದೆ. ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ವಿದ್ಯುತ್ ಕಂಪನಿ ಅದನ್ನು ವಾಪಸ್ ತಗೊಂಡು, ರಾತ್ರಿ ನೀವು ಎಳೆಯುವ ಯೂನಿಟ್‌ಗೆ ಒಂದಕ್ಕೊಂದು ವಜಾ ಹಾಕಿಕೊಟ್ಟರೆ ನಿಮ್ಮ ಗುತ್ತಿಗೆದಾರರ ಮಾತು ನಿಜ. ತಗೊಳ್ಳದಿದ್ದರೆ ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಪಂಪಿಗೆ ಬೇಕಾದ ಎಸಿ ಮಾಡುವ ಯಂತ್ರ) ತನ್ನಷ್ಟಕ್ಕೆ ಉತ್ಪಾದನೆ ಇಳಿಸಿ ಸುಮ್ನೆ ಕೂರುತ್ತದೆ. ಒಂದು ಎಕರೆಗೂ ಜಾಸ್ತಿ ಜಾಗದಲ್ಲಿ ಹರಡಿದ ಪ್ಯಾನೆಲ್‌ಗಳು ಬಿಸಿಲು ಕಾಯಿಸಿಕೊಂಡು ಮಲಗಿರುತ್ತವೆ.

ವಾಪಸ್ ಕೊಡುವ ದಾರಿ ಇಲ್ಲದಿದ್ದರೆ ನಾನು 100 ಕಿಲೋವ್ಯಾಟಿನಿಂದ ಶುರು ಮಾಡುತ್ತಿದ್ದೆ. ಅದು ಕೊಡುವ 400 ಯೂನಿಟ್ ಅಲ್ಲಿಂದಲ್ಲಿಗೇ ಖರ್ಚಾಗುತ್ತದೆ. ನಿಮ್ಮ ಖರ್ಚಿನಲ್ಲಿ ಕಾಲು ಭಾಗ ಅದು. ಆಮೇಲೆ ರಾತ್ರಿಯ ಪಂಪಿಂಗನ್ನು ಎಷ್ಟರಮಟ್ಟಿಗೆ ಹಗಲಿಗೆ ತರಬಹುದು ನೋಡಿ. ಮೇಲಿನ ಟ್ಯಾಂಕಿನಲ್ಲಿ ಜಾಗ ಇದೆಯಾ? ಸ್ಟ್ಯಾಂಡ್‌ಬೈ ಪಂಪನ್ನೂ ಹಗಲಿನಲ್ಲಿ ಓಡಿಸಿದರೆ ಪೈಪ್ ತಡೆಯುತ್ತದಾ? ಎಷ್ಟು ಯೂನಿಟ್ ಹಗಲಿಗೆ ಬಂತೋ ಅಷ್ಟು ಪ್ಯಾನೆಲ್ ಸೇರಿಸುತ್ತಾ ಹೋಗಿ. ಬ್ಯಾಟರಿ ಬೇಕಾ ಅಂತ ಇನ್ನೂ ನಾಲ್ಕು ಜನ ಬರೆದಿದ್ದಾರೆ. ಕಂಬದ ಮೇಲೆ ನಿಂತ ಆ ಟ್ಯಾಂಕೇ ನಿಮ್ಮ ಬ್ಯಾಟರಿ ಕಣ್ರೀ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಇಲ್ಲಿ ಬಿಸಿಲು ಬಂದಾಗ ತುಂಬಿಕೋ.

ಪ್ರಶ್ನೆ: ಪಂಪುಗಳು ತುಂಬಾ ಹಳೆಯವು. ಮೊದಲು ಸೋಲಾರ್ ಹಾಕಿಸಲೋ, ಪಂಪ್ ಬದಲಿಸಲೋ?

ಪಂಪ್. ಯೋಚನೆ ಮಾಡುವುದೇ ಬೇಡ.

ಮೇಲಿನ ಘಟಕವನ್ನೇ ತಗೊಳ್ಳಿ. ಹಳೇ ಪಂಪಿನ ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಸವೆದು ದಕ್ಷತೆ 50 ಪರ್ಸೆಂಟಿಗೆ ಬಿದ್ದಿದ್ದರೆ ಅದೇ ನೀರಿಗೆ 2,180 ಯೂನಿಟ್ ಬೇಕು. 75 ಪರ್ಸೆಂಟ್ ಕೊಡುವ ಜೋಡಿಗೆ 1,450 ಸಾಕು. ದಿನಕ್ಕೆ 730 ಯೂನಿಟ್ ಉಳಿತಾಯ. ಇಷ್ಟನ್ನು ಬಿಸಿಲಿನಿಂದ ಹುಟ್ಟಿಸಬೇಕಾದರೆ 180 ಕಿಲೋವ್ಯಾಟ್ ಪ್ಯಾನೆಲ್ ಬೇಕು. ಪ್ಯಾನೆಲ್ ಹಗಲು ಮಾತ್ರ ಕೊಡುತ್ತದೆ, ಒಳ್ಳೆ ಪಂಪ್ ರಾತ್ರಿಯೂ ಉಳಿಸುತ್ತದೆ.

ಹಳೇ ಪಂಪ್ ಎಷ್ಟು ಹಾಳಾಗಿದೆ ಅಂತ ತಿಳಿಯಲು ಫ್ಲೋ ಮೀಟರ್, ಪ್ರೆಷರ್ ಗೇಜ್, ಎನರ್ಜಿ ಮೀಟರ್ ಇದ್ದರೆ ಸಾಕು. ಒಂದು ಗಂಟೆ ಓಡಿಸಿ ಬರೆದುಕೊಳ್ಳಿ. ಎಷ್ಟು ಸಾವಿರ ಲೀಟರ್ ಅನ್ನುವುದನ್ನು ಎಷ್ಟು ಮೀಟರ್ ಎತ್ತರ ಅನ್ನುವುದರಿಂದ ಗುಣಿಸಿ, 367ರಿಂದ ಭಾಗಿಸಿ. ಬಂದದ್ದನ್ನು ಎನರ್ಜಿ ಮೀಟರಿನ ಯೂನಿಟ್‌ನಿಂದ ಭಾಗಿಸಿದರೆ ದಕ್ಷತೆ ಸಿಗುತ್ತದೆ. ನೇಮ್‌ಪ್ಲೇಟ್ ನೋಡಿ ಲೆಕ್ಕ ಹಾಕಬೇಡಿ. ಅದು ಪಂಪಿನ ಜಾತಕ. ಆರೋಗ್ಯ ತಿಳಿಯಲು ನಾಡಿ ಹಿಡಿದೇ ನೋಡಬೇಕು.

ಪ್ರಶ್ನೆ: ನಮ್ಮಲ್ಲಿ ಸೋಲಾರ್ ಹಾಕಿಸಿ ಆರು ತಿಂಗಳಾಯಿತು. ಹೋದ ವಾರ ಮಧ್ಯಾಹ್ನ ಸುಡು ಬಿಸಿಲಿನಲ್ಲಿ ಕರೆಂಟ್ ಹೋಯಿತು. ಸೋಲಾರೂ ನಿಂತಿತು, ಪಂಪೂ ನಿಂತಿತು. ಮೋಸ ಹೋದೆವಾ?

ಮೋಸ ಅಲ್ಲ. ಆದರೆ ಇದನ್ನು ಮೊದಲೇ ಹೇಳದೇ ಇದ್ದದ್ದು ತಪ್ಪು.

ನಿಮ್ಮದು ಗ್ರಿಡ್‌ಗೆ, ಅಂದರೆ ವಿದ್ಯುತ್ ಕಂಪನಿಯ ಜಾಲಕ್ಕೆ, ಜೋಡಿಸಿದ ಇನ್ವರ್ಟರ್. ಗ್ರಿಡ್ಡಿನ ತಾಳ ಕೇಳಿಸಿಕೊಂಡು ಅದಕ್ಕೆ ಹೆಜ್ಜೆ ಹಾಕುವುದು ಅದರ ಕೆಲಸ. ತಾಳ ನಿಂತರೆ ತಾನೂ ನಿಲ್ಲಬೇಕು, ಅದು ಕಡ್ಡಾಯ. ಯಾಕೆಂದರೆ ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಪ್ಯಾನೆಲ್‌ಗಳಿಂದ ಕರೆಂಟ್ ಹರಿಯಬಾರದು.

ಕರೆಂಟ್ ಹೋದಾಗಲೂ ಸೋಲಾರ್ ಬೇಕು ಅಂದರೆ ಡೀಸೆಲ್ ಜನರೇಟರಿನ ಜೊತೆ ಓಡಿಸಬಹುದು. ಜನರೇಟರ್ ತಾಳ ಕೊಡುತ್ತದೆ, ಇನ್ವರ್ಟರ್ ಜೊತೆಗೂಡುತ್ತದೆ. ಆದರೆ ನಡುವೆ ಒಂದು ಕಂಟ್ರೋಲರ್ ಇರಲೇಬೇಕು. ಇಲ್ಲದಿದ್ದರೆ ಲೋಡ್ ಕಮ್ಮಿ ಆದ ಗಳಿಗೆಯಲ್ಲಿ ಸೋಲಾರ್ ಕರೆಂಟ್ ಜನರೇಟರಿನೊಳಕ್ಕೇ ನುಗ್ಗುತ್ತದೆ. ಜನರೇಟರನ್ನು ತೀರಾ ಹಗುರ ಲೋಡಿನಲ್ಲಿ ಓಡಿಸುವುದೂ ಒಳ್ಳೆಯದಲ್ಲ. ಸಾಮಾನ್ಯವಾಗಿ 30 ಪರ್ಸೆಂಟಿಗಿಂತ ಕೆಳಗೆ ಬಿಡುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಎಂಜಿನ್ನಿನೊಳಗೆ ಮಸಿ ಕಟ್ಟುತ್ತದೆ.

ಬ್ಯಾಟರಿ ಇಡುವುದಾದರೆ ಪಂಪಿಗೆ ಇಡಬೇಡಿ, ಕ್ಲೋರಿನ್ ಡೋಸಿಂಗ್ ಪಂಪಿಗೆ ಇಡಿ. ಇಡೀ ಘಟಕದಲ್ಲಿ ಅತಿ ಕಮ್ಮಿ ಕರೆಂಟ್ ತಿನ್ನುವ ಯಂತ್ರಗಳಲ್ಲಿ ಅದೂ ಒಂದು. ಅದು ನಿಂತು ನೀರು ಮಾತ್ರ ಮುಂದಕ್ಕೆ ಹೋದರೆ ಆಗುವ ಅನಾಹುತವೇ ಎಲ್ಲಕ್ಕಿಂತ ದೊಡ್ಡದು.

ಪ್ರಶ್ನೆ: ಪ್ಯಾನೆಲ್‌ನಿಂದ ನೇರವಾಗಿ ಓಡುವ ಸೋಲಾರ್ ಪಂಪ್ ಡ್ರೈವ್ ಸಿಗುತ್ತದಂತೆ. ನದಿಯಿಂದ ಘಟಕಕ್ಕೆ ಕಚ್ಚಾ ನೀರು ತರುವ ಪಂಪಿಗೆ ಅದನ್ನೇ ಹಾಕಿದರೆ ಗ್ರಿಡ್ಡಿನ ಗೊಡವೆಯೇ ಬೇಡ ಅಲ್ವಾ?

ಗ್ರಿಡ್ಡಿನ ಗೊಡವೆ ತಪ್ಪುತ್ತದೆ. ಮೋಡದ ಗೊಡವೆ ಶುರುವಾಗುತ್ತದೆ.

ಈ ಡ್ರೈವ್ ಬಿಸಿಲಿಗೆ ತಕ್ಕಂತೆ ಮೋಟಾರಿನ ವೇಗ ಏರಿಸಿ ಇಳಿಸಿ ಮಾಡುತ್ತದೆ. ಹೊಲಕ್ಕೆ ನೀರು ಹಾಯಿಸುವವರಿಗೆ ಇದು ಬಹಳ ಚೆನ್ನ. ಸ್ವಲ್ಪ ಕಮ್ಮಿ ಬಂದರೆ ಸ್ವಲ್ಪ ಹೊತ್ತು ಜಾಸ್ತಿ ಹಾಯಿಸಿದರಾಯಿತು. ಆದರೆ ಎತ್ತರಕ್ಕೆ ತಳ್ಳುವ ಪಂಪಿನಲ್ಲಿ ಒಂದು ಸೂಕ್ಷ್ಮ ಇದೆ. ವೇಗ ಇಳಿದರೆ ಪಂಪ್ ನೀರನ್ನು ಎತ್ತುವ ಎತ್ತರ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಪೂರ್ತಿ ವೇಗದಲ್ಲಿ, ವಾಲ್ವ್ ಮುಚ್ಚಿದಾಗ, 50 ಮೀಟರ್ ತೋರಿಸುವ ಪಂಪನ್ನು 80 ಪರ್ಸೆಂಟ್ ವೇಗಕ್ಕೆ ಇಳಿಸಿದರೆ ಅದು ಮುಟ್ಟುವುದು 32 ಮೀಟರ್. ನಿಮ್ಮ ಘಟಕ ನದಿಯಿಂದ 32 ಮೀಟರ್ ಮೇಲಿದ್ದರೆ ನೀರು ಒಂದು ತೊಟ್ಟೂ ಬರುವುದಿಲ್ಲ. ಮೋಟಾರ್ ಸದ್ದು ಮಾಡುತ್ತಲೇ ಇರುತ್ತದೆ, ಒಳಗಿನ ನೀರು ಕಡೆದು ಕಡೆದು ಬಿಸಿಯಾಗುತ್ತಿರುತ್ತದೆ. ಹೊರಗೆ ನಿಂತವರು ಪಂಪ್ ಓಡುತ್ತಿದೆ ಅಂತಲೇ ಅಂದುಕೊಂಡಿರುತ್ತಾರೆ.

ಅದಕ್ಕಿಂತ ನನಗೆ ಭಯ ಇರುವುದು ಫಿಲ್ಟರ್ ಬಗ್ಗೆ. ಕಚ್ಚಾ ನೀರು ಒಂದೇ ಸಮ ಬಂದರೆ ಆಲಂ ಹಾಕುವ ಲೆಕ್ಕ ಕೂರುತ್ತದೆ, ಕೆಸರು ಗಡ್ಡೆ ಕಟ್ಟುತ್ತದೆ, ತಳ ಸೇರುತ್ತದೆ. ಮೋಡ ಬಂತು, ನೀರು ಅರ್ಧಕ್ಕಿಳಿಯಿತು. ಆಲಂ ಡೋಸ್ ಅಷ್ಟೇ ಇದೆ. ಮೋಡ ಸರಿಯಿತು, ನೀರು ಧುಮ್ಮಿಕ್ಕಿತು. ಕೂತಿದ್ದ ಗಡ್ಡೆ ಎದ್ದು ಫಿಲ್ಟರ್ ಕಡೆ ಹೊರಟಿತು. ಮರಳಿನಲ್ಲಿ ಸಿಕ್ಕಿಕೊಂಡಿದ್ದ ಕೊಳೆಯನ್ನೂ ಈ ದಿಢೀರ್ ಹರಿವು ಕಿತ್ತು ಆಚೆ ಬದಿಗೆ ತಳ್ಳುತ್ತದೆ. ನೀರಿನ ಕದಡು ಅಳೆಯುವ ಟರ್ಬಿಡಿಟಿ ಮೀಟರಿನ ಗೆರೆ ಗರಗಸದ ಹಲ್ಲಿನ ಹಾಗೆ ಏರಿಳಿಯುವುದನ್ನು ಒಂದು ಮೋಡದ ದಿನ ನಾನೇ ನಿಂತು ನೋಡಿದ್ದೇನೆ. ಆವತ್ತು ಸಂಜೆಯೊಳಗೆ ಎರಡು ಫಿಲ್ಟರನ್ನು ಅವಧಿಗೆ ಮುಂಚೆಯೇ ಬ್ಯಾಕ್‌ವಾಶ್ ಮಾಡಬೇಕಾಯಿತು, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯಬೇಕಾಯಿತು. ಉಳಿಸಿದ ಕರೆಂಟ್ ತೊಳೆಯುವುದಕ್ಕೇ ಹೋಯಿತು.

ಆದ್ದರಿಂದ ನನ್ನ ಸಲಹೆ ಇಷ್ಟು. ಫಿಲ್ಟರಿಗೆ ಮುಂಚೆ ಇರುವ ಪಂಪುಗಳು ಗ್ರಿಡ್ಡಿನ ಆಸರೆಯಲ್ಲೇ ಇರಲಿ. ಸೋಲಾರ್ ಜೊತೆಗೆ ಕೂಡಿಕೊಳ್ಳಲಿ, ಮೋಡ ಬಂದಾಗ ಗ್ರಿಡ್ ಕೈಹಿಡಿಯಲಿ. ಬಿಸಿಲಿನ ಜೊತೆ ಕುಣಿಯುವ ಪಂಪ್ ಬೇಕೇ ಬೇಕು ಅಂದರೆ ಶುದ್ಧ ನೀರಿನ ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸುವ ಪಂಪಿಗೆ ಹಾಕಿ. ಅಲ್ಲಿ ಕೆಳಗೂ ನೀರು ನಿಂತಿದೆ, ಮೇಲೂ ನಿಂತಿದೆ. ಹತ್ತು ನಿಮಿಷ ಕಮ್ಮಿ ಬಂದರೆ ಕೇಳುವವರಿಲ್ಲ. ನದಿಯಿಂದ ಬಂದ ನೀರು ಮೊದಲು ಒಂದು ದೊಡ್ಡ ಕೊಳ ಸೇರಿ ಅಲ್ಲಿಂದ ತಾನಾಗಿ ಇಳಿದು ಘಟಕಕ್ಕೆ ಬರುವಂತಿದ್ದರೆ ಮಾತ್ರ ನಿಮ್ಮ ಯೋಚನೆಗೆ ನನ್ನ ಒಪ್ಪಿಗೆ ಇದೆ.

ಪ್ರಶ್ನೆ: ಸೋಲಾರ್ ಹಾಕಿದ ಮೇಲೆ ಯೂನಿಟ್ ಇಳಿದಿದೆ, ಆದರೆ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ ದಂಡ ಅಂತ ಹೊಸದಾಗಿ ಬರುತ್ತಿದೆ. ಮೀಟರ್ ಕೆಟ್ಟಿದೆಯಾ?

ಈ ಪತ್ರ ಓದಿ ನನಗೆ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆಸಿಕೊಂಡು. ನಮ್ಮ ಘಟಕದಲ್ಲೂ ಸೋಲಾರ್ ಚಾಲೂ ಆದ ಮೂರನೇ ತಿಂಗಳು ಇದೇ ಸಾಲು ಬಂತು. ಮೀಟರ್ ಪರೀಕ್ಷೆ ಮಾಡಿಸಿ ಅಂತ ಜೋರಾಗಿ ಕಾಗದ ಬರೆದೆ. ಅವರು ಬಂದು ಪರೀಕ್ಷಿಸಿ, ಮೀಟರ್ ಸರಿಯಿದೆ ಅಂತ ಬರೆದುಕೊಟ್ಟು ಹೋದರು. ಆಮೇಲೆ ನಾನೇ ಅನಲೈಸರ್ ಹಿಡಿದುಕೊಂಡು ಮೇನ್ ಸ್ವಿಚ್‌ಬೋರ್ಡ್ ಮುಂದೆ ಕೂತೆ. ಪವರ್ ಫ್ಯಾಕ್ಟರ್, ಅಂದರೆ ಎಳೆದ ಒಟ್ಟು ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು, ಬೆಳಗಿನ ಆರಕ್ಕೆ 0.92. ಹತ್ತಕ್ಕೆ 0.7. ಹನ್ನೆರಡೂವರೆಗೆ 0.41. ಸಂಜೆ ಸೂರ್ಯ ಇಳಿಯುತ್ತಿದ್ದಂತೆ ಮತ್ತೆ ಮೇಲಕ್ಕೆ ಹತ್ತಿತು. ಮೋಟಾರ್ ಅದೇ, ಕೆಪಾಸಿಟರ್ ಅದೇ. ಹೊಸದಾಗಿ ಬಂದದ್ದು ಬಿಸಿಲು ಮಾತ್ರ.

ಆಗುವುದು ಹೀಗೆ. ಮೋಟಾರಿಗೆ ಎರಡು ಬಗೆಯ ಕರೆಂಟ್ ಬೇಕು. ಒಂದು ನೀರೆತ್ತುವ ಕೆಲಸ ಮಾಡುವುದು, ಯೂನಿಟ್ ಲೆಕ್ಕಕ್ಕೆ ಬರುವುದು. ಇನ್ನೊಂದು ಮೋಟಾರಿನೊಳಗೆ ಅಯಸ್ಕಾಂತ ಹುಟ್ಟಿಸುವುದು. ಅದು ಖರ್ಚಾಗುವುದಿಲ್ಲ, ತಂತಿಯಲ್ಲಿ ಹೋಗಿ ಬಂದು ಮಾಡುತ್ತಿರುತ್ತದೆ. ನಿಮ್ಮ ಘಟಕ 100 ಕಿಲೋವ್ಯಾಟ್ ಕೆಲಸದ ಕರೆಂಟು, 48 ಕೆವಿಎಆರ್ ಅಯಸ್ಕಾಂತದ ಕರೆಂಟು ಎಳೆಯುತ್ತಿದೆ ಅಂದುಕೊಳ್ಳಿ. ಪವರ್ ಫ್ಯಾಕ್ಟರ್ 0.9. ಮಧ್ಯಾಹ್ನ ಸೋಲಾರ್ 80 ಕಿಲೋವ್ಯಾಟ್ ಕೊಟ್ಟಿತು. ಸಾಮಾನ್ಯವಾಗಿ ಇನ್ವರ್ಟರ್ ಸೆಟ್ ಮಾಡಿರುವುದು ಬರೀ ಕೆಲಸದ ಕರೆಂಟ್ ಕೊಡುವ ಹಾಗೆ. ಈಗ ಗ್ರಿಡ್‌ನಿಂದ ಬರಬೇಕಾದ್ದು 20 ಕಿಲೋವ್ಯಾಟ್, ಆದರೆ ಕೆವಿಎಆರ್ ಮಾತ್ರ ಅದೇ 48. ಮೀಟರ್ ನೋಡುವುದು ಇವೆರಡನ್ನೇ. ಪವರ್ ಫ್ಯಾಕ್ಟರ್ 0.38 ಅಂತ ಬರೆದುಕೊಳ್ಳುತ್ತದೆ. ಅದರ ತಪ್ಪೇನೂ ಇಲ್ಲ.

ಮದ್ದು ಎರಡಿವೆ. ಈಗಿನ ಬಹಳಷ್ಟು ಇನ್ವರ್ಟರ್‌ಗಳಿಗೆ ಅಯಸ್ಕಾಂತದ ಕರೆಂಟನ್ನೂ ಕೊಡುವ ಶಕ್ತಿ ಇದೆ, ಸೆಟ್ಟಿಂಗ್ ಬದಲಿಸಬೇಕಷ್ಟೆ. ಕೆವಿಎ ಅಂದರೆ ಎರಡೂ ಬಗೆಯ ಕರೆಂಟು ಸೇರಿದ ಅಳತೆ, ಅವು ಕೂಡುವುದು ವರ್ಗದ ಲೆಕ್ಕದಲ್ಲಿ. ಹಾಗಾಗಿ 100 ಕೆವಿಎ ಇನ್ವರ್ಟರ್ 80 ಕಿಲೋವ್ಯಾಟ್ ಕೊಡುತ್ತಲೇ 60 ಕೆವಿಎಆರ್‌ವರೆಗೂ ಕೊಡಬಲ್ಲದು. ನಿಮಗೆ ಬೇಕಾದ್ದು 48. ಎರಡನೆಯದು ಕೆಪಾಸಿಟರ್ ಪ್ಯಾನೆಲ್, ಅಂದರೆ ಅಯಸ್ಕಾಂತದ ಕರೆಂಟನ್ನು ಘಟಕದಲ್ಲೇ ಒದಗಿಸುವ ಪೆಟ್ಟಿಗೆ. ಅದು ಇದ್ದೂ ದಂಡ ಬರುತ್ತಿದ್ದರೆ ಅದರ ಸಿಟಿ ಎಲ್ಲಿ ಕೂತಿದೆ ನೋಡಿ. ಸಿಟಿ ಅಂದರೆ ತಂತಿಯ ಸುತ್ತ ಬಳೆಯ ಹಾಗೆ ಕೂರುವ ಕರೆಂಟ್ ಅಳೆಯುವ ಸಾಧನ. ಸೋಲಾರ್ ಬಂದು ಸೇರುವ ಜಾಗಕ್ಕಿಂತ ಈಚೆ, ಮೋಟಾರ್ ಕಡೆಗೆ ಇದ್ದರೆ ಕೆಪಾಸಿಟರ್ ಪ್ಯಾನೆಲ್‌ಗೆ ಸೋಲಾರ್ ಇರುವುದೇ ಗೊತ್ತಾಗುವುದಿಲ್ಲ. ಎಲ್ಲ ಸರಿಯಿದೆ ಅಂತ ಆರಾಮಾಗಿರುತ್ತದೆ. ನಮ್ಮಲ್ಲಿ ಆಗಿದ್ದೂ ಅದೇ. ಬಳೆಯನ್ನು ನಾಲ್ಕು ಅಡಿ ಆಚೆ, ಗ್ರಿಡ್ ಕಡೆಗೆ ಸರಿಸಿದೆವು. ಇನ್ನೆರಡು ಕೆಪಾಸಿಟರ್ ಸೇರಿಸಿದೆವು. ಮುಂದಿನ ಬಿಲ್ಲಿನಲ್ಲಿ ಆ ಸಾಲು ಇರಲಿಲ್ಲ. ಮೀಟರ್ ಬಗ್ಗೆ ಬರೆದ ಕಾಗದದ ನಕಲು ಮಾತ್ರ ಫೈಲಿನಲ್ಲಿ ಹಾಗೇ ಇದೆ.

ಪ್ರಶ್ನೆ: ಖಾಲಿ ಜಾಗ ಇಲ್ಲ. ಶುದ್ಧ ನೀರಿನ ಟ್ಯಾಂಕಿನ ಚಾವಣಿ ವಿಶಾಲವಾಗಿದೆ. ಅಲ್ಲಿ ಹಾಕಬಹುದಾ? ನೀರಿನ ಮೇಲೆ ತೇಲುವ ಪ್ಯಾನೆಲ್ ಹೇಗೆ?

ಚಾವಣಿಯ ಮೇಲೆ ಹಾಕಬಹುದು. ಚಾವಣಿಗೆ ತೂತು ಕೊರೆಯಬಾರದು.

ನಮ್ಮಲ್ಲಿ ಕೊರೆದರು. ನಾನು ರಜೆಯಲ್ಲಿದ್ದ ಎರಡು ದಿನದಲ್ಲಿ, ಸ್ಟ್ರಕ್ಚರ್ ಗಟ್ಟಿಯಾಗಿ ಕೂರಲಿ ಅಂತ, ಡ್ರಿಲ್ ಹಿಡಿದು ಬೋಲ್ಟ್ ಹಾಕಿಬಿಟ್ಟಿದ್ದರು. ಮೇಲೆ ನೋಡಿದರೆ ಬಹಳ ಅಚ್ಚುಕಟ್ಟು. ಮಳೆ ಬಂದ ಮರುದಿನ ಮ್ಯಾನ್‌ಹೋಲ್ ತೆಗೆದು ಟಾರ್ಚ್ ಬಿಟ್ಟೆ. ಒಳಗಿನ ಚಾವಣಿಯಲ್ಲಿ ಸಾಲಾಗಿ ಒದ್ದೆ ಮಚ್ಚೆಗಳು. ಒಂದರ ತುದಿಯಲ್ಲಿ ಹನಿ ದಪ್ಪವಾಗುತ್ತಾ ಬಂದು, ನಾನು ನೋಡುತ್ತಿದ್ದಂತೆ ಟಪ್ ಅಂತ ಕೆಳಗಿನ ನೀರಿಗೆ ಬಿತ್ತು. ಆ ಚಾವಣಿಯ ಮೇಲೆ ಹಕ್ಕಿಗಳು ಕೂರುತ್ತವೆ. ಫಿಲ್ಟರ್ ದಾಟಿ, ಕ್ಲೋರಿನ್ ದಾಟಿ, ನಲ್ಲಿಗೆ ಹೊರಟು ನಿಂತ ನೀರು ಅದು. ಟ್ಯಾಂಕ್ ಖಾಲಿ ಮಾಡಿ, ತೊಳೆದು, ತೂತು ಮುಚ್ಚಿ, ಮತ್ತೆ ಕ್ಲೋರಿನ್ ಹಾಕಿ ತುಂಬುವಷ್ಟರಲ್ಲಿ ಸಾಕುಸಾಕಾಯಿತು.

ಬೋಲ್ಟ್ ಬದಲು ಕಾಂಕ್ರೀಟ್ ದಿಮ್ಮಿಗಳ ಭಾರದಲ್ಲಿ ಕೂರಿಸುವ ಸ್ಟ್ರಕ್ಚರ್ ಇದೆ. ಆದರೆ ದಿಮ್ಮಿಯ ಭಾರ, ಮೇಲೆ ಗಾಳಿಯ ಒತ್ತಡ, ಇವನ್ನು ಚಾವಣಿ ತಡೆಯುತ್ತದಾ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡಬೇಕು. ಮಾತಿನಲ್ಲಿ ಅಲ್ಲ, ಕಾಗದದಲ್ಲಿ. ಮ್ಯಾನ್‌ಹೋಲಿಗೂ ಗಾಳಿ ಕೊಳವೆಗೂ ಓಡಾಡಲು ದಾರಿ ಬಿಡಿ. ಪ್ಯಾನೆಲ್ ತೊಳೆದ ನೀರು ಮ್ಯಾನ್‌ಹೋಲ್ ಕಡೆ ಹರಿಯದ ಹಾಗೆ ಇಳಿಜಾರು ಇರಲಿ.

ಕೆಲವರು ತೆರೆದ ತೊಟ್ಟಿಗಳ ಮೇಲೆ ಚಪ್ಪರದ ಹಾಗೆ ಹಾಕಬಹುದಾ ಅಂತಲೂ ಕೇಳಿದ್ದಾರೆ. ಅದರಲ್ಲಿ ಒಂದು ಲಾಭ ಇದೆ. ನೆರಳು ಬಿದ್ದರೆ ಪಾಚಿ ಕಮ್ಮಿ, ಬಿಸಿಲಿಗೆ ಕ್ಲೋರಿನ್ ಒಡೆದು ಹೋಗುವುದೂ ಕಮ್ಮಿ. ತೊಂದರೆ ಏನೆಂದರೆ ತೊಟ್ಟಿಯೊಳಗಿನ ಕೆಸರು ಬಾಚುವ ಯಂತ್ರ ಒಂದು ದಿನ ಕೆಡುತ್ತದೆ. ಅದನ್ನು ಎತ್ತಲು ಕ್ರೇನ್ ಬರುತ್ತದೆ. ಆಗ ಚಪ್ಪರ ಬಿಚ್ಚುವವರು ಯಾರು?

ತೇಲುವ ಪ್ಯಾನೆಲ್ ದೊಡ್ಡ ಜಲಾಶಯಕ್ಕೆ ಒಳ್ಳೆ ದಾರಿ. ಸಿಂಗಪುರದ ತೆಂಗೆ ಜಲಾಶಯದಲ್ಲಿ 2021ರಲ್ಲಿ 1,22,000 ಪ್ಯಾನೆಲ್‌ಗಳ 60 ಮೆಗಾವ್ಯಾಟ್ ಘಟಕ ಶುರುವಾಯಿತು. 45 ಹೆಕ್ಟೇರ್ ನೀರಿನ ಮೇಲೆ ಹರಡಿದೆ. ಅಲ್ಲಿನ ಐದು ನೀರು ಶುದ್ಧೀಕರಣ ಘಟಕಗಳಿಗೆ ಬೇಕಾದ ಕರೆಂಟಿನ ಲೆಕ್ಕ ಅದರಿಂದಲೇ ಸರಿದೂಗುತ್ತದೆ. ಲಂಡನ್ ಬಳಿಯ ಕ್ವೀನ್ ಎಲಿಜಬೆತ್ 2 ಜಲಾಶಯದಲ್ಲಿ 2016ರಲ್ಲೇ 23,000 ಪ್ಯಾನೆಲ್ ತೇಲಿಬಿಟ್ಟು ಪಕ್ಕದ ಶುದ್ಧೀಕರಣ ಘಟಕಕ್ಕೆ ಕರೆಂಟ್ ಕೊಡಲು ಶುರು ಮಾಡಿದರು. ಇನ್ನೊಂದನ್ನೂ ಹೇಳಬೇಕು. ಜಪಾನಿನ ಯಮಕುರಾ ಅಣೆಕಟ್ಟಿನ 13.7 ಮೆಗಾವ್ಯಾಟ್ ತೇಲುವ ಘಟಕ 2019ರ ಸೆಪ್ಟೆಂಬರ್‌ನ ಚಂಡಮಾರುತಕ್ಕೆ ಲಂಗರು ಕಿತ್ತುಕೊಂಡಿತು. ಪ್ಯಾನೆಲ್‌ಗಳು ಒಂದರ ಮೇಲೊಂದು ಮಡಚಿಕೊಂಡು ನೀರಿನ ಮೇಲೇ ಹೊತ್ತಿ ಉರಿದವು. ತೇಲುವ ಘಟಕಕ್ಕೆ ಟೆಂಡರ್ ಕರೆಯುವಾಗ ಪ್ಯಾನೆಲ್‌ಗಿಂತ ಮೊದಲು ಲಂಗರಿನ ಲೆಕ್ಕ ಕೇಳಿ. ನೀರಿನ ಮಟ್ಟ ಎಷ್ಟು ಏರಿಳಿಯುತ್ತದೆ ಅನ್ನುವುದೂ ಅದರಲ್ಲಿ ಬರಬೇಕು.

ಪ್ರಶ್ನೆ: ಇನ್ವರ್ಟರ್ ಇಡಲು ಕ್ಲೋರಿನ್ ರೂಮಿನ ಪಕ್ಕದ ಕೋಣೆ ಖಾಲಿ ಇದೆ. ಅಲ್ಲಿಡಬಹುದಾ?

ಬೇಡ. ಇನ್ನೊಂದು ಸಲ ಹೇಳುತ್ತೇನೆ, ಬೇಡ.

ಕ್ಲೋರಿನ್ ಅನಿಲ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಸಿಲಿಂಡರ್ ಬದಲಿಸುವಾಗ ಸೋರುವ ಚೂರುಪಾರು ನೆಲದ ಮೇಲೇ ತೆವಳಿಕೊಂಡು ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ ಹೋಗುತ್ತದೆ. ಇನ್ವರ್ಟರ್ ತಣ್ಣಗಾಗಲು ಗಾಳಿ ಎಳೆಯುವುದು ಸಾಮಾನ್ಯವಾಗಿ ಕೆಳಗಿನಿಂದಲೇ. ಅಂಥದ್ದೇ ಕೋಣೆಯಲ್ಲಿಟ್ಟಿದ್ದ ಒಂದು ಪ್ಯಾನೆಲ್ ಬೋರ್ಡನ್ನು ಎರಡು ವರ್ಷದ ಮೇಲೆ ತೆಗೆದು ನೋಡಿದ್ದೆ. ತಾಮ್ರದ ಟರ್ಮಿನಲ್‌ಗಳ ಮೇಲೆ ಹಸಿರು ಹುಡಿ. ಸ್ಕ್ರೂ ತಿರುಗಿಸಿದರೆ ತಲೆ ಮುರಿದು ಕೈಗೆ ಬಂತು. ನೂರು ಅಡಿ ಕೇಬಲ್ ಜಾಸ್ತಿ ಆದರೂ ಪರವಾಗಿಲ್ಲ, ಗಾಳಿ ಬರುವ ದಿಕ್ಕು ನೋಡಿ ದೂರ ಇಡಿ. ಸುಣ್ಣದ ಗೋದಾಮಿನ ಪಕ್ಕ ಪ್ಯಾನೆಲ್ ಸಾಲು ಇಡುವುದೂ ಬೇಡ. ಹಾರಿದ ಸುಣ್ಣದ ಹುಡಿ ರಾತ್ರಿ ಇಬ್ಬನಿಗೆ ನೆನೆದು ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಉಜ್ಜಿದರೂ ಬಿಡುವುದಿಲ್ಲ.

ಪ್ರಶ್ನೆ: ಬ್ಯಾಕ್‌ವಾಶ್ ನೀರು ಹೇಗೂ ಚೆಲ್ಲುತ್ತೇವೆ. ಅದರಲ್ಲೇ ಪ್ಯಾನೆಲ್ ತೊಳೆದರೆ ಆಗದಾ?

ಆ ನೀರಿನಲ್ಲಿ ಫಿಲ್ಟರ್ ಬಿಟ್ಟ ಕೊಳೆಯೆಲ್ಲ ಇದೆ. ಕನ್ನಡಿಯನ್ನು ಕೆಸರಿನಲ್ಲಿ ತೊಳೆದ ಹಾಗಾಯಿತು. ಒಳ್ಳೆ ನೀರಿನಲ್ಲಿ, ಮೆತ್ತನೆ ಬ್ರಷ್ಷಿನಲ್ಲಿ, ಬಿಸಿಲೇರುವ ಮುಂಚೆ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಸೀಳಬಹುದು. ತೊಳೆಯುವ ಮುಂಚೆ ಕನೆಕ್ಟರ್, ಕೇಬಲ್ ಒಡೆದಿದೆಯಾ ಒಮ್ಮೆ ಕಣ್ಣಾಡಿಸಿ. ಮೇನ್ ಸ್ವಿಚ್ ಆಫ್ ಮಾಡಿದ್ದೇನೆ ಅಂತ ಧೈರ್ಯ ಬೇಡ. ಬೆಳಕು ಬಿದ್ದಷ್ಟು ಹೊತ್ತೂ ಪ್ಯಾನೆಲ್‌ಗಳ ನಡುವಿನ ಡಿಸಿ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಪ್ರಶ್ನೆ: ನಮ್ಮದು ಕೊಳಚೆ ನೀರಿನ ಘಟಕ. ನೀವು ಹೇಳುವುದು ನಮಗೂ ಹೊಂದುತ್ತದಾ?

ಅರ್ಧ ಹೊಂದುತ್ತದೆ. ನಿಮ್ಮಲ್ಲಿ ಅರ್ಧದಷ್ಟು ಕರೆಂಟ್ ತಿನ್ನುವುದು ಗಾಳಿ ಊದುವ ಬ್ಲೋವರ್. ಬ್ಯಾಕ್ಟೀರಿಯಾಗಳಿಗೆ ರಾತ್ರಿಯೂ ಉಸಿರು ಬೇಕು, ಬೆಳಗ್ಗೆ ತುಂಬಿಡುತ್ತೇನೆ ಅಂದರೆ ಕೇಳುವುದಿಲ್ಲ. ಆದರೆ ಬ್ಲೋವರ್ ಹಗಲೂ ಬಿಡದೆ ಓಡುವುದರಿಂದ ಅದು ಎಳೆಯುವಷ್ಟರ ಮಟ್ಟಿಗೆ ಹಾಕಿದ ಸೋಲಾರ್ ಒಂದು ಯೂನಿಟ್ಟೂ ದಂಡವಾಗುವುದಿಲ್ಲ. ಸ್ಲಡ್ಜ್ (ಕೊಳಚೆಯ ಕೆಸರು) ಹಿಂಡುವ ಯಂತ್ರವನ್ನು ಹತ್ತರಿಂದ ಮೂರರ ನಡುವೆ ಓಡಿಸಿ. ಕೊಳಚೆಯ ಅನಿಲ ತಾಮ್ರಕ್ಕೆ ಕ್ಲೋರಿನ್‌ನಷ್ಟೇ ಶತ್ರು, ಇನ್ವರ್ಟರ್ ದೂರ ಇರಲಿ.

ಪ್ರಶ್ನೆ: ನಾನು ಆಪರೇಟರ್, ರಾತ್ರಿ ಪಾಳಿ. ಸೋಲಾರ್ ಬಂದ ಮೇಲೆ ಪಂಪಿಂಗ್ ಎಲ್ಲ ಹಗಲಿಗೆ ಹೋಗಿದೆ. ರಾತ್ರಿ ಲಾಗ್ ಬುಕ್ ಬರೆಯುವುದು ಬಿಟ್ಟರೆ ಕೆಲಸ ಇಲ್ಲ. ನಮ್ಮ ಪಾಳಿಯನ್ನೇ ತೆಗೆಯುತ್ತಾರೆ ಅಂತ ಮಾತು ಕೇಳಿಬರುತ್ತಿದೆ.

ನಿಮ್ಮ ಮೇಲಿನವರು ಈ ಪುಟ ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮುಂಚೆ ರಾತ್ರಿಯಿಡೀ ಹೊಸ ನೀರು ಟ್ಯಾಂಕಿಗೆ ಬರುತ್ತಿತ್ತು. ಈಗ ಸಂಜೆ ತುಂಬಿದ ನೀರು ಬೆಳಗಿನವರೆಗೂ ನಿಂತಿರುತ್ತದೆ. ನಿಂತಷ್ಟೂ ಅದರ ಕ್ಲೋರಿನ್ ಇಳಿಯುತ್ತದೆ. ಜನ ನಲ್ಲಿ ತಿರುಗಿಸುವುದು ಬಿಸಿಲು ಹುಟ್ಟುವ ಮುಂಚೆ. ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಉಳಿದಿದೆಯಾ ಅಂತ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡುವವರು ಯಾರು? ಇನ್ನೊಂದು, ಹಗಲು ಮೋಡ ಕವಿದು ಟ್ಯಾಂಕ್ ಮುಕ್ಕಾಲಷ್ಟೇ ತುಂಬಿದ ದಿನ ರಾತ್ರಿ ಗ್ರಿಡ್ಡಿನಿಂದ ಪಂಪ್ ಹಾಕಲೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವರೂ ನೀವೇ.

ಹಾಗಾಗಿ ಒಂದು ಕೆಲಸ ಮಾಡಿ. ಇವತ್ತಿನಿಂದ ಒಂದು ತಿಂಗಳು ಲಾಗ್ ಬುಕ್ಕಿನಲ್ಲಿ ಎರಡು ಕಾಲಂ ಜಾಸ್ತಿ ಗೀಟು ಹಾಕಿ. ಒಂದರಲ್ಲಿ ಸಂಜೆ ಆರು, ನಡುರಾತ್ರಿ, ಬೆಳಗಿನ ಜಾವ ನಾಲ್ಕು, ಈ ಮೂರು ಹೊತ್ತಿನ ಟ್ಯಾಂಕಿನ ಮಟ್ಟ. ಇನ್ನೊಂದರಲ್ಲಿ ಅದೇ ಮೂರು ಹೊತ್ತಿನ ಕ್ಲೋರಿನ್. ತಿಂಗಳ ಕೊನೆಗೆ ಅದರ ನಕಲು ಒಂದು ನಿಮ್ಮ ಎಂಜಿನಿಯರ್ ಮೇಜಿನ ಮೇಲಿಡಿ, ಇನ್ನೊಂದು ನನಗೆ ಕಳಿಸಿ. ನಾಲ್ಕು ಗಂಟೆಯ ಅಂಕಿ 0.2ರ ಹತ್ತಿರ ಹೋದ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುವುದನ್ನು ಮರೆಯಬೇಡಿ.